ಮೊದಲು ಗಾಲಿ, ಆಮೇಲೆ ಬಣ್ಣ

ನನ್ನದು ಊರೂರು ತಿರುಗುವ ಕೆಲಸ. ಹೊಸ ಯಂತ್ರ ಕೂರಿಸಿದ ಕಡೆ ಹೋಗಿ, ಅಲ್ಲಿನವರಿಗೆ ಅದನ್ನು ನಡೆಸುವುದು ಕಲಿಸಿ ಬರಬೇಕು. ತಿಂಗಳಲ್ಲಿ ಹತ್ತು ಹನ್ನೆರಡು ದಿನ ಸೂಟ್‌ಕೇಸ್ ಜೊತೆಗೇ ಬದುಕು. ಹದಿನೈದು ವರ್ಷದಲ್ಲಿ ಐದು ಸೂಟ್‌ಕೇಸ್ ಆಗಿವೆ. ಮೊದಲ ಮೂರನ್ನು ಬಣ್ಣ, ಹೊಳಪು ನೋಡಿ ಕೊಂಡೆ. ಆಮೇಲಿನ ಎರಡನ್ನು ತಲೆಕೆಳಗು ಮಾಡಿ, ಗಾಲಿ ನೋಡಿ ಕೊಂಡೆ.

ಪಾಠ ಕಲಿಸಿದ್ದು ಆ ಮೂರನೆಯದು. ರಾತ್ರಿ ಹನ್ನೊಂದಕ್ಕೆ ರೈಲು ಇಳಿದು ಪ್ಲಾಟ್‌ಫಾರ್ಮ್ ಮೇಲೆ ಎಳೆದುಕೊಂಡು ಹೊರಟಿದ್ದೆ. ಗರಗರ ಅನ್ನುತ್ತಿದ್ದ ಸದ್ದು ಇದ್ದಕ್ಕಿದ್ದಂತೆ ಕರ್ ಅಂತ ಉಜ್ಜುವ ಸದ್ದಾಯಿತು. ತಿರುಗಿಸಿ ನೋಡಿದರೆ ಗಾಲಿ ಚೆನ್ನಾಗೇ ಇದೆ. ಅದನ್ನು ಹಿಡಿದುಕೊಂಡಿದ್ದ ಪ್ಲಾಸ್ಟಿಕ್ ಬಟ್ಟಲು ಪೆಟ್ಟಿಗೆಯಿಂದ ಬಿರುಕು ಬಿಟ್ಟು ಒಳಗೆ ಕುಸಿದಿತ್ತು. ಒಳಗೆ ಇಪ್ಪತ್ತು ಕಿಲೋ ಸಾಮಾನು. ಮೇಲ್ಸೇತುವೆಯ ಮೆಟ್ಟಿಲು ಹತ್ತಿ ಇಳಿದು, ಹೊರಗಿನ ರಸ್ತೆ ಸೇರುವವರೆಗೆ ಕೈಯಲ್ಲೇ ಹೊತ್ತೆ.

ಮರುದಿನ ರಿಪೇರಿಯವರ ಹತ್ತಿರ ಒಯ್ದೆ. ಅವರು ಮೊದಲು ಬುಡಕ್ಕೆ ಕೈ ಹಾಕಿದರು. "ಗಾಲಿ ಹಾಕಬಹುದು ಸಾರ್, ಆದ್ರೆ ಇದನ್ನ ರಿವೆಟ್ ಹೊಡೆದು ಕೂರಿಸಿದಾರೆ. ಕಿತ್ತರೆ ಪೆಟ್ಟಿಗೆ ಇನ್ನೂ ಒಡೆಯುತ್ತೆ. ಮುಂದಿನ ಸಲ ಸ್ಕ್ರೂ ಇರೋದು ತಗೊಳ್ಳಿ" ಅಂದರು. ಅವತ್ತಿನಿಂದ ಅಂಗಡಿಗೆ ಹೋದರೆ ನನ್ನ ಮೊದಲ ಕೆಲಸ ಅದೇ. ಹೊರಗಿನಿಂದ ಸ್ಕ್ರೂ ಕಾಣದಿದ್ದರೆ ಒಳಗಿನ ಲೈನಿಂಗ್‌ನ ಜಿಪ್ ತೆರೆದು ನೋಡುತ್ತೇನೆ. ಅಲ್ಲೂ ರಿವೆಟ್ಟೇ ಇದ್ದರೆ ಅದನ್ನು ಅಲ್ಲೇ ಬಿಟ್ಟು ಮುಂದಿನದಕ್ಕೆ ಹೋಗುತ್ತೇನೆ.

ಎರಡು ಗಾಲಿಯೋ ನಾಲ್ಕೋ ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ಸೂಟ್‌ಕೇಸಿಗೆ ಗಾಲಿ ಬಂದು ತುಂಬ ಕಾಲವೇನೂ ಆಗಿಲ್ಲ. ಅಮೆರಿಕದ ಬರ್ನಾರ್ಡ್ ಸ್ಯಾಡೋ ಅನ್ನುವವರು ನಾಲ್ಕು ಗಾಲಿ ಹಾಕಿ ಪಟ್ಟಿಯಿಂದ ಎಳೆಯುವ ಸೂಟ್‌ಕೇಸಿಗೆ 1972ರಲ್ಲಿ ಪೇಟೆಂಟ್ ಪಡೆದರು. ಅದು ತಿರುವಿನಲ್ಲಿ ಓಲಾಡುತ್ತಿತ್ತು. ಎರಡೇ ಗಾಲಿ, ಮೇಲಕ್ಕೆ ಎಳೆಯುವ ಉದ್ದ ಹಿಡಿಕೆ, ನೆಟ್ಟಗೆ ನಿಲ್ಲಿಸಿ ಎಳೆಯುವ ಪೆಟ್ಟಿಗೆ ಬಂದದ್ದು 1987ರ ಸುಮಾರಿಗೆ. ಅದನ್ನು ಮಾಡಿದವರು ರಾಬರ್ಟ್ ಪ್ಲಾತ್, ವಿಮಾನ ಓಡಿಸುತ್ತಿದ್ದ ಪೈಲಟ್. ದಿನವೂ ಎಳೆಯುವವರ ಕೈಯಿಂದ ಬಂದದ್ದಕ್ಕೇ ಆ ರೂಪ ಇನ್ನೂ ಉಳಿದಿದೆ ಅಂತ ನನಗನ್ನಿಸುತ್ತದೆ.

ನುಣುಪು ನೆಲದ ಮೇಲೆ ನಾಲ್ಕು ಗಾಲಿಯದು ಹಾಯಾಗಿರುತ್ತದೆ. ಒಂದು ಬೆರಳಲ್ಲಿ ತಳ್ಳಿದರೆ ಪಕ್ಕದಲ್ಲೇ ನಡೆದು ಬರುತ್ತದೆ, ಮಣಿಕಟ್ಟಿಗೆ ಭಾರ ಬೀಳುವುದಿಲ್ಲ. ಆದರೆ ಇಳಿಜಾರಿನಲ್ಲಿ ಕೈಬಿಟ್ಟರೆ ತಾನೇ ಓಡುತ್ತದೆ. ಜಲ್ಲಿ, ಕಲ್ಲುಹಾಸು, ಒಡೆದ ಫುಟ್‌ಪಾತ್ ಬಂತೋ, ಆ ಸಣ್ಣ ಗಾಲಿಗಳು ಸಿಕ್ಕಿಹಾಕಿಕೊಳ್ಳುತ್ತವೆ. ಎರಡು ಗಾಲಿಯದರಲ್ಲಿ ಗಾಲಿ ಸ್ವಲ್ಪ ದೊಡ್ಡದು, ಅರ್ಧ ಪೆಟ್ಟಿಗೆಯೊಳಗೇ ಹುದುಗಿರುತ್ತದೆ. ಪೆಟ್ಟು ಕಡಿಮೆ. ನಾನು ಹೋಗುವ ದಾರಿಗಳು ಒರಟು, ಹಾಗಾಗಿ ನನ್ನದು ಎರಡು ಗಾಲಿ. ನಿಮ್ಮದು ವಿಮಾನ ನಿಲ್ದಾಣದಿಂದ ಕಾರು, ಕಾರಿನಿಂದ ಹೋಟೆಲು ಅಷ್ಟೇ ಆಗಿದ್ದರೆ ನಾಲ್ಕು ಗಾಲಿಯದನ್ನೇ ತಗೊಳ್ಳಿ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ವಿಮಾನದವರು ಅಳೆಯುವಾಗ ಗಾಲಿ, ಹಿಡಿಕೆ ಎಲ್ಲವನ್ನೂ ಸೇರಿಸಿ ಅಳೆಯುತ್ತಾರೆ. ಕ್ಯಾಬಿನ್ ಒಳಗೆ ಒಯ್ಯುವ ಪೆಟ್ಟಿಗೆಗೆ ಬಹಳ ಕಂಪನಿಗಳು 55 ಸೆಂಟಿಮೀಟರ್ ಎತ್ತರ, 40 ಅಗಲ, 20ರಿಂದ 25ರವರೆಗೆ ದಪ್ಪ ಅಂತ ಇಟ್ಟುಕೊಂಡಿವೆ. ಚೀಟಿಯಲ್ಲಿ 55 ಅಂತ ಇರುತ್ತದೆ, ಅದು ಬರೀ ಪೆಟ್ಟಿಗೆಯ ಅಳತೆ ಆಗಿರಬಹುದು. ನಾನು ಟೇಪು ಹಿಡಿದೇ ಹೋಗುತ್ತೇನೆ. ಒಂದು ಸಲ ಹೀಗೆ ಅಳೆದಾಗ ನೆಲದಿಂದ ಹಿಡಿಕೆಯ ತುದಿಗೆ 58 ಬಂತು. ದಪ್ಪ ಹೆಚ್ಚಿಸುವ ಜಿಪ್ ಇದ್ದರೆ ಅದನ್ನೂ ಬಿಚ್ಚಿ ಅಳೆಯಿರಿ. ಬಿಚ್ಚಿದ ಮೇಲೆ ಅದು ಕ್ಯಾಬಿನ್ ಪೆಟ್ಟಿಗೆಯಾಗಿ ಉಳಿಯುವುದು ಅಪರೂಪ.

ತೂಕದ ವಿಚಾರಕ್ಕೆ ಜನ ಅಷ್ಟು ಗಮನ ಕೊಡುವುದೇ ಇಲ್ಲ. ಕ್ಯಾಬಿನ್‌ಗೆ ಎಷ್ಟೋ ಕಂಪನಿಗಳಲ್ಲಿ ಏಳು ಕಿಲೋ ಮಾತ್ರ. ಖಾಲಿ ಪೆಟ್ಟಿಗೆಯೇ ಮೂರೂವರೆ ಕಿಲೋ ಇದ್ದರೆ ಅರ್ಧ ಲೆಕ್ಕ ಅಲ್ಲೇ ಮುಗಿಯಿತು, ಅಲ್ವಾ? ನನ್ನ ಈಗಿನದು 2.3 ಕಿಲೋ. ಉಳಿದದ್ದರಲ್ಲಿ ನಾಲ್ಕು ದಿನದ ಬಟ್ಟೆ, ಲ್ಯಾಪ್‌ಟಾಪ್, ಒಂದು ಜೊತೆ ಶೂ ಆರಾಮಾಗಿ ಹಿಡಿಸುತ್ತವೆ.

ಚೆಕ್-ಇನ್ ಮಾಡುವ ಪೆಟ್ಟಿಗೆಯಲ್ಲಿ ಉಲ್ಟಾ ತೊಂದರೆ. ದೊಡ್ಡದು ಕೊಂಡರೆ ತುಂಬಬೇಕು ಅನ್ನಿಸುತ್ತದೆ. ನೂರು ಲೀಟರಿನ ಪೆಟ್ಟಿಗೆ ತುಂಬಿದರೆ ಎಷ್ಟೋ ಕಂಪನಿಗಳ 23 ಕಿಲೋ ಮಿತಿ ದಾಟುವುದು ಸುಲಭ. ಒಂದೇ ಪೆಟ್ಟಿಗೆ 32 ಕಿಲೋ ಮೀರಿದರೆ, ಎತ್ತುವ ಕೆಲಸಗಾರರ ಬೆನ್ನಿನ ಕಾಳಜಿಯಿಂದ, ಸಾಮಾನ್ಯವಾಗಿ ತಗೊಳ್ಳುವುದೇ ಇಲ್ಲ. ಅಕ್ಕ ದೂರದ ಪ್ರಯಾಣಕ್ಕೆ ಅಂತ ಅಷ್ಟು ದೊಡ್ಡದೊಂದನ್ನು ಮೆಚ್ಚಿಕೊಂಡಿದ್ದಳು. ಅಂಗಡಿಯಲ್ಲೇ ನನ್ನ ಬೆನ್ನಿನ ಚೀಲ, ಅವಳ ಕೈಚೀಲ, ಅಲ್ಲಿದ್ದ ಎರಡು ಸಣ್ಣ ಪೆಟ್ಟಿಗೆ ಎಲ್ಲ ಅದರೊಳಗೆ ತುಂಬಿದೆ. "ಅಕ್ಕ, ಒಬ್ಬಳೇ ಇದನ್ನ ಎತ್ತಿ ಆ ಬೆಂಚಿನ ಮೇಲಿಡು ನೋಡೋಣ" ಅಂದೆ. ಎತ್ತಿದಳು, ಅರ್ಧಕ್ಕೆ ಇಳಿಸಿದಳು. "ಬೇಡಪ್ಪ, ನಡುವಿನ ಸೈಜು ತೋರ್ಸು" ಅಂದಳು. ಎಪ್ಪತ್ತು ಲೀಟರಿನದು ಅವಳಿಗೆ ಸರಿಹೋಯಿತು.

ಹಾಗೆ ತುಂಬಿಸಿ ಎಳೆದಾಗಲೇ ಹಿಡಿಕೆಯ ಗುಣವೂ ಗೊತ್ತಾಗುವುದು. ಖಾಲಿ ಪೆಟ್ಟಿಗೆ ಎಲ್ಲವೂ ಚೆನ್ನಾಗೇ ಓಡುತ್ತದೆ. ಹಿಡಿಕೆಯನ್ನು ಪೂರ್ತಿ ಎಳೆದು ಪಕ್ಕಕ್ಕೆ ಅಲ್ಲಾಡಿಸಿ. ಸ್ವಲ್ಪ ಆಟ ಇದ್ದೇ ಇರುತ್ತದೆ, ಟಕಟಕ ಅಂತ ಹೊಡೆದುಕೊಂಡರೆ ಬೇಡ.

ಮೈ ಗಟ್ಟಿಯದೋ ಬಟ್ಟೆಯದೋ? ಗಟ್ಟಿಯದರಲ್ಲಿ ಎಬಿಎಸ್ ಅನ್ನುವ ಪ್ಲಾಸ್ಟಿಕ್ ಅಗ್ಗ, ಆದರೆ ಜೋರಾಗಿ ಪೆಟ್ಟು ಬಿದ್ದರೆ ಬಿರುಕು ಬಿಡುತ್ತದೆ. ಪಾಲಿಕಾರ್ಬನೇಟ್ ಬಗ್ಗಿ ಮತ್ತೆ ನೆಟ್ಟಗಾಗುತ್ತದೆ. ಪಾಲಿಪ್ರೊಪಿಲೀನ್ ಹಗುರ, ಅದೂ ಬಗ್ಗುತ್ತದೆ. ನಡುಮೈಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಒಳಗೆ ಹೋಗಿ ಹಿಂದಕ್ಕೆ ಬಂದರೆ ಒಳ್ಳೆಯದು. ಕಲ್ಲಿನಂತೆ ಕೂತಿದ್ದರೆ ಗಟ್ಟಿ ಅಂತ ಮೋಸ ಹೋಗಬೇಡಿ. ಗಟ್ಟಿ ಪೆಟ್ಟಿಗೆ ಎರಡು ಹೋಳಾಗಿ ತೆರೆಯುತ್ತದೆ, ಸಣ್ಣ ಕೋಣೆಯಲ್ಲಿ ಎರಡರಷ್ಟು ಜಾಗ ಬೇಕು. ನನ್ನ ಕ್ಯಾಬಿನ್ ಪೆಟ್ಟಿಗೆ ನೈಲಾನ್ ಬಟ್ಟೆಯದು. ಹೊರಜೇಬಿನಿಂದ ಕಾಗದಪತ್ರ ತೆಗೆಯಲು ಇಡೀ ಪೆಟ್ಟಿಗೆ ಬಿಚ್ಚಬೇಕಿಲ್ಲ. ಚೆಕ್-ಇನ್‌ಗೆ ಪಾಲಿಪ್ರೊಪಿಲೀನ್ ಇಟ್ಟುಕೊಂಡಿದ್ದೇನೆ.

ಬೀಗದ ಮೇಲೆ ಜಾಸ್ತಿ ಭರವಸೆ ಬೇಡ. ಸುರುಳಿ ಹಲ್ಲಿನ ಜಿಪ್‌ನ ನಡುವೆ ಬಾಲ್ ಪೆನ್ನಿನ ತುದಿ ಚುಚ್ಚಿದರೆ ತೆರೆದುಕೊಳ್ಳುತ್ತದೆ. ಆಮೇಲೆ ಬೀಗ ಹಾಕಿದ ಜಿಪ್‌ನ ಹಿಡಿಯನ್ನೇ ಹಿಂದೆ ಮುಂದೆ ಆಡಿಸಿದರೆ ಗುರುತೂ ಉಳಿಯದು. ನನ್ನ ಹಳೆಯ ಪೆಟ್ಟಿಗೆಯ ಮೇಲೆ ನಾನೇ ಮಾಡಿ ನೋಡಿ ಬೆಚ್ಚಿದೆ. ಬೆಲೆಬಾಳುವುದು, ಔಷಧಿ, ಪವರ್ ಬ್ಯಾಂಕ್ ಯಾವಾಗಲೂ ನನ್ನ ಜೊತೆಗೆ. ಪವರ್ ಬ್ಯಾಂಕನ್ನು ಚೆಕ್-ಇನ್‌ನಲ್ಲಿ ಹಾಕುವಂತೆಯೂ ಇಲ್ಲ. ಪೆಟ್ಟಿಗೆಯಲ್ಲೇ ಚಾರ್ಜರ್ ಬ್ಯಾಟರಿ ಇರುವ ಮಾದರಿ ಕೊಳ್ಳುವುದಾದರೆ ಬ್ಯಾಟರಿಯನ್ನು ಕೈಯಲ್ಲೇ ಬಿಚ್ಚಿ ತೆಗೆಯುವಂತಿರಬೇಕು.

ಪ್ರತಿ ಪ್ರವಾಸ ಮುಗಿಸಿ ಬಂದಮೇಲೆ ಪೆಟ್ಟಿಗೆ ಬೋರಲು ಹಾಕಿ ಗಾಲಿ ನೋಡುತ್ತೇನೆ. ಅಚ್ಚಿಗೆ ಕೂದಲು, ದಾರ ಸುತ್ತಿಕೊಂಡು ಗಟ್ಟಿ ಉಂಗುರದಂತಾಗಿರುತ್ತದೆ. ಸಣ್ಣ ಕತ್ತರಿಯಿಂದ ಕತ್ತರಿಸಿ ಚಿಮಟದಲ್ಲಿ ಎಳೆದು ತೆಗೆಯುತ್ತೇನೆ. ಕಳೆದ ತಿಂಗಳು ಎಡಗಾಲಿಯ ರಬ್ಬರ್ ಸವೆದು ಒಂದು ಕಡೆ ಚಪ್ಪಟೆಯಾಗಿತ್ತು. ಅದೇ ಅಳತೆಯ ಜೋಡಿ ಗಾಲಿ ತಂದು, ಲೈನಿಂಗ್ ಸರಿಸಿ, ನಾಲ್ಕು ಸ್ಕ್ರೂ ಬಿಚ್ಚಿ ಹಾಕಿದೆ. ಹತ್ತು ನಿಮಿಷ ಹಿಡಿಯಿತು. ನಾಳೆ ಬೆಳಿಗ್ಗೆ ಮತ್ತೆ ಹೊರಡಬೇಕು.