ಮಳೆ, ಗಾಳಿ, ಉಪ್ಪು: ನಮ್ಮ ಕಡೆ ಬಾವುಟ ಹಾರಿಸುವುದು ಹೇಗೆ?

ಆಗಸ್ಟ್ 15ಕ್ಕೆ ಕಾರವಾರದಲ್ಲಿ ಬಿಸಿಲು ಸಿಕ್ಕರೆ ಪುಣ್ಯ. ಶಿರಸಿ ಕಡೆ ಕೇಳುವುದೇ ಬೇಡ. ಬಾವುಟದ ಸರ್ಕಾರಿ ನಿಯಮಗಳಾದ ಧ್ವಜ ಸಂಹಿತೆಗೆ 2022ರ ಜುಲೈನಲ್ಲಿ ತಿದ್ದುಪಡಿ ಆದ ಮೇಲೆ ಮನೆಯಲ್ಲಿ ಹಗಲು ರಾತ್ರಿ ರಾಷ್ಟ್ರಧ್ವಜ ಹಾರಿಸಬಹುದು. ಆದರೆ ಹರಿದ ಬಾವುಟ ಹಾರಬಾರದು ಎಂಬ ನಿಯಮವೂ ಇದೆ. ನಮ್ಮ ಮಳೆಗಾಳಿಗೆ ಬಟ್ಟೆ ಎಷ್ಟು ದಿನ ಬಂದೀತು? ಸಂಜೆ ಇಳಿಸಿಬಿಡುವುದೇ ಒಳ್ಳೆಯದು.

ಕೊಳ್ಳುವಾಗ

ಉದ್ದ, ಅಗಲ 3:2 ಇರಬೇಕು. ಮನೆಗೆ 90 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ್ದು ಸಾಕು. ಚಕ್ರದ 24 ಅರೆಗಳನ್ನು ಎಣಿಸಿ ನೋಡಿ. ಅಗ್ಗದ ಬಾವುಟದಲ್ಲಿ ಚಕ್ರ ಸೊಟ್ಟಗಿರುವುದೂ ಉಂಟು. 2021ರ ಡಿಸೆಂಬರ್‌ನಿಂದ ಪಾಲಿಯೆಸ್ಟರ್‌ಗೂ ಅನುಮತಿ ಇದೆ. ಅದು ಬೇಗ ಒಣಗುತ್ತದೆ, ನಿಜ. ಆದರೂ ಹುಬ್ಬಳ್ಳಿ ಕಡೆ ಹೋದಾಗ ಅಲ್ಲಿನ ಬೆಂಗೇರಿಯಲ್ಲಿ ತಯಾರಾಗುವ ಖಾದಿ ಬಾವುಟ ಒಂದು ತನ್ನಿ. ಕಾರಣ ಕೊನೆಯಲ್ಲಿದೆ.

ಕಟ್ಟುವಾಗ

ಅಡಿಕೆ ಕೊಯ್ಯುವ ದೋಟಿಯನ್ನೇ ಕಂಬ ಮಾಡುವವರಿದ್ದಾರೆ. ತಪ್ಪೇನಿಲ್ಲ, ನೇರ ಇದ್ದರೆ ಸಾಕು. ಕಬ್ಬಿಣದ ಪೈಪು, ಕಬ್ಬಿಣದ ಕೊಂಡಿ ಮಾತ್ರ ಬೇಡ. ಉಪ್ಪುಗಾಳಿಗೆ ತುಕ್ಕು ಹಿಡಿದು ಬಿಳಿ ಪಟ್ಟಿಗೆ ಕಲೆ ಬೀಳುತ್ತದೆ. ನೈಲಾನ್ ಹಗ್ಗ ಬಳಸಿ. ಕೇಸರಿ ಮೇಲೆ ಬಂತಾ ಎಂದು ಏರಿಸುವ ಮೊದಲೇ ನೋಡಿ. ಚುರುಕಾಗಿ ಏರಿಸಬೇಕು, ನಿಧಾನವಾಗಿ ಇಳಿಸಬೇಕು. ಗೋಡೆಗೆ ಮೇಲಿಂದ ಕೆಳಕ್ಕೆ ಉದ್ದುದ್ದಕ್ಕೆ ತೂಗುಹಾಕಿದರೆ ಕೇಸರಿ ಎದುರು ನಿಂತವರ ಎಡಕ್ಕೆ ಬರಬೇಕು. ಬೇರೆ ಯಾವ ಬಾವುಟವೂ ಇದಕ್ಕಿಂತ ಎತ್ತರದಲ್ಲಿ ಇರಬಾರದು, ಅದೇ ಕಂಬಕ್ಕೂ ಬೇಡ. ಬಿಚ್ಚುವ ಮೊದಲು ಬಾವುಟದ ಮಡಿಕೆಯೊಳಗೆ ಹೂವಿನ ಎಸಳು ಇಡಬಹುದು, ಬಟ್ಟೆಯ ಮೇಲೆ ಏನನ್ನೂ ಬರೆಯುವಂತಿಲ್ಲ.

ದೋಣಿಯವರಿಗೂ ಒಂದು ಮಾತು. ಬಾವುಟವನ್ನು ದೋಣಿಯ ಮೇಲೋ ಪಕ್ಕಕ್ಕೋ ಹೊದಿಸುವಂತಿಲ್ಲ. ಅದರ ತುದಿ ನೀರಿನಲ್ಲಿ ಎಳೆಯಲೂಬಾರದು.

ಒಣಗಿಸುವಾಗ

ಹೆಚ್ಚಿನ ಬಾವುಟಗಳು ಹಾಳಾಗುವುದು ಇಲ್ಲಿಯೇ. ಒದ್ದೆ ಬಾವುಟವನ್ನು ಮಡಚಿ ಕಪಾಟಿಗೆ ಹಾಕಿದರೆ ಜನವರಿ 26ಕ್ಕೆ ತೆಗೆದಾಗ ಬರೀ ಬೂಸಲು. ಮಳೆಗಾಲದಲ್ಲಿ ಬಟ್ಟೆಯನ್ನೆಲ್ಲ ಬಚ್ಚಲ ಒಲೆಯ ಮೇಲೆ ಒಣಗಿಸುವುದು ಘಟ್ಟದ ಮೇಲಿನವರ ರೂಢಿ, ಅಲ್ವಾ? ಇದಕ್ಕೆ ಅದು ಬೇಡ, ಮಸಿ ಹಿಡಿಯುತ್ತದೆ. ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ಮೆಲ್ಲಗೆ ಜಾಲಿಸಿ. ಹಿಂಡಬೇಡಿ. ಟವೆಲ್, ಲುಂಗಿಗಳ ಸಾಲಿನಲ್ಲಿ ಬೇಡ, ಒಳಗೆ ಒಂದು ಶುದ್ಧ ಕೋಲಿನ ಮೇಲೆ ಹರವಿ ಫ್ಯಾನ್ ಹಾಕಿ. ಮುಟ್ಟಿದರೆ ಒಣಗಿದಂತೆ ಕಂಡರೂ ಅಂಚಿನ ಹೊಲಿಗೆ ಒದ್ದೆ ಇರುತ್ತದೆ, ಇನ್ನೊಂದು ದಿನ ಬಿಡಿ.

ಮಡಚುವ ಕ್ರಮ ಸುಲಭ. ಅಡ್ಡಲಾಗಿ ಹರವಿ, ಕೇಸರಿ ಮತ್ತು ಹಸಿರನ್ನು ಬಿಳಿಯ ಅಡಿಗೆ ಮಡಚಿ. ಆಮೇಲೆ ಎರಡೂ ಬದಿಯಿಂದ ಬಿಳಿ ಪಟ್ಟಿ ಮಡಚಿದರೆ ಚಕ್ರ ಮೇಲೆ ಉಳಿಯುತ್ತದೆ. ಹತ್ತಿ ಬಟ್ಟೆಯ ಚೀಲದಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ತೇವ ಸಿಕ್ಕಿಕೊಳ್ಳುತ್ತದೆ.

ಹರಿದ ಮೇಲೆ

ಸಮುದ್ರಕ್ಕೆ ಬಿಡುವುದು, ಕಸದ ಗಾಡಿಗೆ ಹಾಕುವುದು ಎರಡೂ ಸಲ್ಲ. ಒರೆಸುವ ಬಟ್ಟೆಯಂತೂ ಮಾಡಲೇಬಾರದು. ತುಂಡು ಮಾಡದೆ, ಇಡಿಯಾಗಿ, ನಾಲ್ಕು ಜನರ ಎದುರಲ್ಲದೆ, ಗೌರವದಿಂದ ನಾಶ ಮಾಡಬೇಕು, ಸುಡುವುದೇ ಮೇಲು ಎನ್ನುತ್ತದೆ ಧ್ವಜ ಸಂಹಿತೆ. ಬಚ್ಚಲ ಒಲೆಗೆ ತುರುಕುವುದಲ್ಲ, ಹಿತ್ತಲಿನಲ್ಲಿ ಬೇರೆಯೇ ಬೆಂಕಿ ಮಾಡಿ. ಖಾದಿ ಸಲೀಸಾಗಿ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ, ತೊಟ್ಟಿಕ್ಕಿ, ಕೆಟ್ಟ ಹೊಗೆ ಬಿಡುತ್ತದೆ.