ಕೆಂಪು ಕಲ್ಲು ಸಿಕ್ಕಿತು, ಯಾವ ಹರಳು ಅಂತ ಮನೆಯಲ್ಲೇ ಪತ್ತೆ ಮಾಡಿದ್ದು ಹೀಗೆ

ಕೆಂಪು ಕಲ್ಲು ಕೈಯಲ್ಲಿ ಹಿಡಿದರೆ ಸಾಕು, ನೋಡಿದವರೆಲ್ಲ ಕೇಳುವುದು ಒಂದೇ: ಇದು ಮಾಣಿಕ್ಯನಾ? ನನಗೆ ಸಿಕ್ಕ ಕಲ್ಲಿನ ಬಗ್ಗೆಯೂ ಅದೇ ಆಯಿತು. ಒಬ್ಬರು ಫೋಟೋ ನೋಡಿಯೇ ಹೌದು ಅಂದರು, ಇನ್ನೊಬ್ಬರು ಬರೀ ಗಾಜು ಅಂದರು. ಫೋಟೋ ನೋಡಿ ಹೇಳುವ ಮಾತನ್ನು ನಾನು ಅಷ್ಟಾಗಿ ತಲೆಗೆ ಹಾಕಿಕೊಳ್ಳುವುದಿಲ್ಲ. ಹರಳಿನ ವಿಷಯದಲ್ಲಿ ಬಣ್ಣದಷ್ಟು ಮೋಸ ಮಾಡುವುದು ಇನ್ನೊಂದಿಲ್ಲ. ಗಾರ್ನೆಟ್, ಮಾಣಿಕ್ಯ, ಸ್ಪಿನೆಲ್, ಟೂರ್ಮಲಿನ್, ಜಿರ್ಕಾನ್, ಕೆಂಪು ಗಾಜು ಎಲ್ಲವೂ ಹೆಚ್ಚುಕಡಿಮೆ ಒಂದೇ ಕೆಂಪಿನಲ್ಲಿ ಸಿಗಬಹುದು. ಬ್ರಿಟಿಷ್ ರಾಜಕಿರೀಟದ ಮುಂದೆಯೇ ಕೂತಿರುವ ‘ಬ್ಲ್ಯಾಕ್ ಪ್ರಿನ್ಸ್ ರೂಬಿ’ ಹೆಸರಿಗೆ ಮಾತ್ರ ಮಾಣಿಕ್ಯ, ನಿಜವಾಗಿ ಅದು ಸ್ಪಿನೆಲ್. ಅರಮನೆಯವರ ಕಣ್ಣನ್ನೇ ದಾಟಿ ಹೋದದ್ದು ನಮ್ಮ ಮೊಬೈಲ್ ಫೋಟೋಗೆ ಸಿಕ್ಕಿಬೀಳುತ್ತಾ?

ಅದಕ್ಕೇ ನಾನು ಹೆಸರು ಹುಡುಕಲು ಹೊರಡುವುದೇ ಇಲ್ಲ. ಕಲ್ಲು ಏನೇನಿರಬಹುದು ಅಂತ ಒಂದು ಪಟ್ಟಿ ಬರೆದುಕೊಂಡು, ಒಂದೊಂದೇ ಹೆಸರು ಹೊಡೆದುಹಾಕುತ್ತಾ ಹೋಗುತ್ತೇನೆ. ಕಲ್ಲಿಗೆ ಏನೂ ಆಗದ ಪರೀಕ್ಷೆಗಳು ಮೊದಲು. ಗೀಚುವುದು ಎಲ್ಲಕ್ಕಿಂತ ಕೊನೆಗೆ, ಅದೂ ಬೇಕೇಬೇಕು ಅನ್ನಿಸಿದರೆ.

ಮೊದಲ ಸುಳಿವು ಕಲ್ಲಿನಲ್ಲಿ ಅಲ್ಲ, ಸಿಕ್ಕ ಜಾಗದಲ್ಲಿ ಇರುತ್ತದೆ. ನನಗೆ ಸಿಕ್ಕಿದ್ದು ಹೊಳೆಯ ತಿರುವಿನ ಒಳಬದಿಯ ಜಲ್ಲಿಯಲ್ಲಿ. ಅಲ್ಲಿ ನೀರಿನ ಓಟ ನಿಧಾನ, ಹಾಗಾಗಿ ಭಾರದ ಖನಿಜಗಳು ಅಲ್ಲೇ ಕೂತುಬಿಡುತ್ತವೆ. ದೊಡ್ಡ ಬಂಡೆಯ ಹಿಂದೆ, ಬಂಡೆಯ ಬಿರುಕುಗಳಲ್ಲಿ ಕೂಡ ಹಾಗೇ. ಕಪ್ಪು ಮರಳು ಗೆರೆ ಗೆರೆಯಾಗಿ ನಿಂತಿದ್ದರೆ ಅಲ್ಲಿ ಭಾರದ ಸರಕು ಇದೆ ಅಂತಲೇ ಲೆಕ್ಕ, ಸುಮ್ನೆ ದಾಟಿ ಹೋಗಬೇಡಿ. ಆಮೇಲೆ ನಾನು ಹೊಳೆಯ ಮೇಲ್ಭಾಗಕ್ಕೆ ನಡೆದು ಎಂಥ ಬಂಡೆ ಇದೆ ಅಂತ ನೋಡಿದೆ. ಕಾಗೆಬಂಗಾರ (ಅಭ್ರಕ) ಪದರ ಪದರವಾಗಿ ಮಿನುಗುವ ಶಿಸ್ಟ್ ಬಂಡೆ, ಅದರ ಮೈಮೇಲೆ ಅಲ್ಲಲ್ಲಿ ಗುಂಡಗೆ ಉಬ್ಬಿದ ಕಂದುಗೆಂಪು ಗಂಟುಗಳು. ಗಾರ್ನೆಟ್‌ನ ತವರುಮನೆ ಅಂದರೆ ಇಂಥ ಬಂಡೆಯೇ. ಸುತ್ತಲಿನ ಅಭ್ರಕ ಬೇಗ ಸವೆಯುತ್ತದೆ, ಗಾರ್ನೆಟ್ ಸವೆಯುವುದಿಲ್ಲ, ಕೊನೆಗೆ ಉದುರಿ ಹೊಳೆಗೆ ಬೀಳುತ್ತದೆ. ಒಳ್ಳೆಯ ಮಾಣಿಕ್ಯ ಮತ್ತು ಸ್ಪಿನೆಲ್ ಹೆಚ್ಚಾಗಿ ಅಮೃತಶಿಲೆಯ ಜೊತೆ ಬರುತ್ತವೆ. ಅಮೃತಶಿಲೆ ಅಲ್ಲೆಲ್ಲೂ ಕಾಣಲಿಲ್ಲ. ಆದರೂ ಹೊಳೆ ಕಲ್ಲನ್ನು ಬಹಳ ದೂರ ಹೊತ್ತು ತರಬಲ್ಲದು, ಅದಕ್ಕೇ ಇದನ್ನು ನಾನು ಸುಳಿವು ಅಂತ ಇಟ್ಟುಕೊಂಡೆನೇ ಹೊರತು ಸಾಕ್ಷಿ ಅಂತ ಅಲ್ಲ. (ಜಾಗದ ಮಾಲೀಕರನ್ನು ಕೇಳಿಯೇ ಕಲ್ಲು ಎತ್ತಿಕೊಳ್ಳಿ, ಸಂರಕ್ಷಿತ ಕಾಡಿನಿಂದ ತರಲೇಬೇಡಿ. ಎಲ್ಲಿ ಸಿಕ್ಕಿತು ಅಂತ ಅಲ್ಲೇ ಬರೆದಿಟ್ಟುಕೊಳ್ಳಿ, ಮನೆಗೆ ಬಂದಮೇಲೆ ಎಲ್ಲ ಕಲ್ಲೂ ಒಂದೇ ಥರ ಕಾಣುತ್ತವೆ.)

ಮನೆಗೆ ತಂದು ಹಳೆಯ ಹಲ್ಲುಜ್ಜುವ ಬ್ರಷ್ಷು, ಸ್ವಲ್ಪ ಸೋಪು ಹಾಕಿ ತೊಳೆದೆ. ಆಸಿಡ್ ತಂಟೆಗೆ ಹೋಗಲಿಲ್ಲ. ಒಣಗಿದ ಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ಕೂತೆ. ಲೂಪನ್ನು ಭೂತಕನ್ನಡಿಯ ಹಾಗೆ ದೂರ ಹಿಡಿದರೆ ಏನೂ ಕಾಣುವುದಿಲ್ಲ. ಅದು ಕಣ್ಣಿಗೆ ತಾಗುವಷ್ಟು ಹತ್ತಿರ ಇರಬೇಕು, ಕಲ್ಲನ್ನು ಎರಡೂವರೆ ಸೆಂಟಿಮೀಟರಿನಷ್ಟು ಹತ್ತಿರ ತರಬೇಕು. ಕಲ್ಲು ನೀರಿನಲ್ಲಿ ಉರುಳಿ ಉರುಳಿ ಮೂಲೆಗಳೆಲ್ಲ ಸವೆದಿದ್ದವು, ಆದರೂ ಒಂದು ಬದಿಯಲ್ಲಿ ಎರಡು ಮೂರು ಮುಖಗಳು ಉಳಿದಿದ್ದವು, ಒಂದು ಮುಖ ಓರೆಯಾದ ಚೌಕದ ಆಕಾರ. ಗಾರ್ನೆಟ್ ಹರಳಿಗೆ ಸಾಮಾನ್ಯವಾಗಿ ಇಂಥ ವಜ್ರಾಕೃತಿಯ 12 ಮುಖಗಳಿರುತ್ತವೆ, ಇಲ್ಲವಾದರೆ ಗಾಳಿಪಟದಾಕಾರದ 24 ಮುಖಗಳು. ಮಾಣಿಕ್ಯ ಆರು ಬದಿಯ ಪೀಪಾಯಿ ಅಥವಾ ಚಪ್ಪಟೆ ಬಿಲ್ಲೆಯಾಗಿ ಬೆಳೆಯುತ್ತದೆ, ಅದರ ತಳದ ಮೇಲೆ ಸಣ್ಣ ಸಣ್ಣ ತ್ರಿಕೋನದ ಗುರುತುಗಳು ಕಾಣುವುದುಂಟು. ನನ್ನ ಕಲ್ಲಿನಲ್ಲಿ ಅಂಥದ್ದೇನೂ ಇರಲಿಲ್ಲ. ಹಿಂದಿನಿಂದ ಟಾರ್ಚ್ ಬಿಟ್ಟರೆ ಅಂಚಿನಲ್ಲಿ ಮಾತ್ರ ಬೆಳಕು ಹಾಯುತ್ತಿತ್ತು, ಸ್ವಲ್ಪ ನೇರಳೆ ಬೆರೆತ ಕೆಂಪು. ಒಳಗೆ ಸೂಜಿಯಂಥ ಎಳೆಗಳಿದ್ದವು, ದುಂಡನೆಯ ಗುಳ್ಳೆ ಒಂದೂ ಇರಲಿಲ್ಲ. ದುಂಡು ಗುಳ್ಳೆ ಕಂಡರೆ ಅದು ಗಾಜೋ, ಕುಲುಮೆಯ ಕಿಟ್ಟವೋ ಇರುವ ಸಾಧ್ಯತೆಯೇ ಜಾಸ್ತಿ. ಹೊಳೆಯಲ್ಲಿ ಉರುಳಿ ನುಣುಪಾದ ಬಾಟಲಿ ಚೂರನ್ನು ಹರಳು ಅಂತ ಜೋಪಾನ ಮಾಡಿ ಇಟ್ಟವರು ನಮ್ಮ ಈ ಹವ್ಯಾಸದಲ್ಲಿ ಬೇಕಾದಷ್ಟು ಜನ ಇದ್ದಾರೆ.

ಇಲ್ಲಿಂದ ಮುಂದಿನದು ನನಗೆ ತುಂಬಾ ಇಷ್ಟದ ಪರೀಕ್ಷೆ, ಸಾಂದ್ರತೆ. ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಇಷ್ಟು ಖಡಾಖಂಡಿತವಾಗಿ ಮಾತಾಡುವುದು ಇನ್ನೊಂದಿಲ್ಲ, ಆದರೂ ಯಾಕೋ ಹೊಸಬರು ಇದನ್ನು ಬಿಟ್ಟು ನೇರ ಗೀಚಲು ಹೋಗುತ್ತಾರೆ. ಬೇಕಾಗಿರುವುದು 0.01 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ಒಂದು ಲೋಟ ನೀರು, ತೆಳ್ಳನೆಯ ನೈಲಾನ್ ದಾರ. ಮೊದಲು ಒಣಕಲ್ಲನ್ನು ತೂಗಬೇಕು. ಆಮೇಲೆ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿಕೊಂಡು, ಕಲ್ಲನ್ನು ದಾರಕ್ಕೆ ಕಟ್ಟಿ ನೀರಲ್ಲಿ ಪೂರ್ತಿ ಮುಳುಗುವ ಹಾಗೆ, ಆದರೆ ತಳಕ್ಕೂ ಬದಿಗೂ ತಾಗದ ಹಾಗೆ ತೂಗುಬಿಡಬೇಕು. ಆಗ ತಕ್ಕಡಿ ತೋರಿಸುವುದು ಕಲ್ಲು ಜರುಗಿಸಿದ ನೀರಿನ ತೂಕ. ಒಣತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಬಂತು. ಆರ್ಕಿಮಿಡೀಸ್ ಕಾಲದ ಲೆಕ್ಕ, ಇವತ್ತಿಗೂ ಕೈಕೊಟ್ಟಿಲ್ಲ.

ನನ್ನ ಕಲ್ಲು ಒಣಗಿದ್ದಾಗ 6.42 ಗ್ರಾಂ. ನೀರಲ್ಲಿ ತೂಗುಬಿಟ್ಟಾಗ ತಕ್ಕಡಿ 1.58 ತೋರಿಸಿತು. ಭಾಗಿಸಿದರೆ 4.06. ಈ ಒಂದು ಸಂಖ್ಯೆಗೆ ಪಟ್ಟಿಯ ಅರ್ಧ ಖಾಲಿ. ಬೆಣಚುಕಲ್ಲಿನ ಜಾತಿಯದೆಲ್ಲ 2.65ರ ಆಸುಪಾಸು, ಮಾಮೂಲಿ ಗಾಜು 2.5ರ ಹತ್ತಿರ, ಟೂರ್ಮಲಿನ್ ಸುಮಾರು 3.1, ಸ್ಪಿನೆಲ್ 3.6. ಮೇಲಿನ ಕಡೆ, ಒಳ್ಳೆಯ ಸ್ಥಿತಿಯ ಜಿರ್ಕಾನ್ 4.6 ದಾಟುತ್ತದೆ. ಉಳಿದವರು ಇಬ್ಬರೇ: ಮಾಣಿಕ್ಯ 4.0, ಕಬ್ಬಿಣ ಇರುವ ಕೆಂಪು ಗಾರ್ನೆಟ್ ಹೆಚ್ಚುಕಡಿಮೆ 3.8ರಿಂದ 4.3. ಅಂದರೆ ಯಾವ ಪ್ರಶ್ನೆಗೆ ಎಲ್ಲರೂ ಉತ್ತರ ಕೇಳುತ್ತಿದ್ದರೋ ಅದೊಂದಕ್ಕೆ ಮಾತ್ರ ತಕ್ಕಡಿ ಬಾಯಿಬಿಡಲಿಲ್ಲ!

ಈ ಪರೀಕ್ಷೆಯಲ್ಲಿ ಎರಡು ವಿಷಯ ನೋಡಿಕೊಳ್ಳಬೇಕು. ಕಲ್ಲಿಗೆ ಗಾಳಿಗುಳ್ಳೆ ಅಂಟಿಕೊಂಡರೆ ಗಾತ್ರ ಜಾಸ್ತಿ ಬರುತ್ತದೆ, ಸಾಂದ್ರತೆ ಕಡಿಮೆ ಬರುತ್ತದೆ. ಕುದಿಸಿ ಆರಿಸಿದ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದರೆ ಗುಳ್ಳೆ ನಿಲ್ಲುವುದಿಲ್ಲ. ಇನ್ನೊಂದು, ಕಲ್ಲು ತೀರಾ ಸಣ್ಣದಿದ್ದರೆ ಈ ತಕ್ಕಡಿ ಸಾಲದು. ಅರ್ಧ ಗ್ರಾಂ ಕಲ್ಲು ಅಂದುಕೊಳ್ಳಿ. ನೀರಿನ ತೂಕ 0.12 ಬಂದರೆ ಸಾಂದ್ರತೆ 4.17, 0.13 ಬಂದರೆ 3.85. ಕೊನೆಯ ಅಂಕೆ ಒಂದು ಆಚೀಚೆ ಆದರೆ ಉತ್ತರವೇ ಬೇರೆ. ಎರಡು ಮೂರು ಗ್ರಾಮಿಗಿಂತ ಸಣ್ಣ ಕಲ್ಲಿನ ಸಾಂದ್ರತೆಯನ್ನು ಯಾರಾದರೂ ಇಂಥ ತಕ್ಕಡಿಯಲ್ಲಿ ಅಳೆದು ಎರಡು ದಶಮಾಂಶದವರೆಗೆ ಹೇಳಿದರೆ ನಾನಂತೂ ನಂಬುವುದಿಲ್ಲ.

ಇಬ್ಬರಲ್ಲಿ ಒಬ್ಬರನ್ನು ಹೊರಗೆ ಕಳಿಸಿದ್ದು ಅಯಸ್ಕಾಂತ. ಫ್ರಿಜ್ ಬಾಗಿಲಿಗೆ ಅಂಟಿಸುವ ಅಯಸ್ಕಾಂತ ಆಗುವುದಿಲ್ಲ, ಅದಕ್ಕಿಂತ ಎಷ್ಟೋ ಬಲವಾದ ನಿಯೋಡಿಮಿಯಂದೇ ಬೇಕು. ಬಟ್ಟಲು ನೀರಿನಲ್ಲಿ ಥರ್ಮಾಕೋಲ್ ಚೂರು ತೇಲಿಬಿಟ್ಟು ಅದರ ಮೇಲೆ ಕಲ್ಲಿಟ್ಟೆ. ನೀರು ಅಲುಗಾಡುವುದು ನಿಲ್ಲುವ ತನಕ ಕಾದು, ಅಯಸ್ಕಾಂತವನ್ನು ಪಕ್ಕದಿಂದ ಮೆಲ್ಲಗೆ ತಂದೆ, ತಾಗಿಸಲಿಲ್ಲ. ಥರ್ಮಾಕೋಲ್ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ನಿಧಾನವಾಗಿ ಅಯಸ್ಕಾಂತದ ಕಡೆಗೆ ಹೊರಟಿತು. ಅಯಸ್ಕಾಂತವನ್ನು ಹಿಂದಕ್ಕೆ ಎಳೆದಂತೆ ಬೆನ್ನು ಹತ್ತಿ ಬಂತು. ಈ ಕೆಂಪು ಗಾರ್ನೆಟ್‌ನಲ್ಲಿ ಕಬ್ಬಿಣ ಅದರ ರಚನೆಯದೇ ಒಂದು ಭಾಗ, ಅದಕ್ಕೇ ಈ ಸೆಳೆತ. ಮಾಣಿಕ್ಯ ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ಅದಕ್ಕೆ ಕೆಂಪು ಬರುವುದು ಚೂರೇ ಚೂರು ಕ್ರೋಮಿಯಂನಿಂದ, ಅದು ಹೀಗೆ ಓಡಿ ಬರುವುದಿಲ್ಲ. ಖಾಲಿ ಥರ್ಮಾಕೋಲನ್ನೂ, ಒಂದು ಬೆಣಚುಕಲ್ಲನ್ನೂ ಇಟ್ಟು ಇದೇ ಆಟ ಆಡಿ ನೋಡಿ, ಗಾಳಿಗೆ ಅಲುಗಾಡಿದ್ದೋ ಅಯಸ್ಕಾಂತಕ್ಕೋ ಅಂತ ಗೊತ್ತಾಗುತ್ತದೆ. ಕಲ್ಲಿನೊಳಗೆ ಮ್ಯಾಗ್ನೆಟೈಟ್ (ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು) ಚೂರು ಸೇರಿಕೊಂಡಿದ್ದರೂ ಸೆಳೆತ ಬರುತ್ತದೆ, ಹಾಗಾಗಿ ಇದೊಂದನ್ನೇ ನೆಚ್ಚಿಕೊಂಡು ತೀರ್ಮಾನ ಹೇಳಲಿಲ್ಲ.

ಇನ್ನೊಂದು ಸಾಕ್ಷಿಗೆ ಕಂಪ್ಯೂಟರ್ ಪರದೆ ಬಳಸಿದೆ. ಎಲ್‌ಸಿಡಿ ಪರದೆಯಿಂದ ಬರುವ ಬೆಳಕು ಧ್ರುವೀಕರಣ ಆಗಿರುತ್ತದೆ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಪರದೆಯನ್ನು ಪೂರ್ತಿ ಬಿಳಿ ಮಾಡಿ, ಪೋಲರಾಯ್ಡ್ ಕನ್ನಡಕದ ಗಾಜನ್ನು ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಪರದೆ ಕಪ್ಪಾಗುತ್ತದೆ. ಈಗ ನಡುವೆ ಕಲ್ಲಿನ ತೆಳು ಅಂಚನ್ನು ಹಿಡಿದು ತಿರುಗಿಸಬೇಕು. ಮಾಣಿಕ್ಯ ಬೆಳಕನ್ನು ಎರಡಾಗಿ ಒಡೆಯುವ ಹರಳು, ಒಂದು ಸುತ್ತಿನಲ್ಲಿ ನಾಲ್ಕು ಸಲ ಬೆಳಗಿ ನಾಲ್ಕು ಸಲ ಕಪ್ಪಾಗುತ್ತದೆ. ಗಾರ್ನೆಟ್, ಸ್ಪಿನೆಲ್, ಗಾಜು ಕಪ್ಪಾಗಿಯೇ ಇರಬೇಕು. ನನ್ನದು ಹೆಚ್ಚುಕಡಿಮೆ ಕಪ್ಪಾಗಿಯೇ ಇತ್ತು, ಅಲ್ಲಲ್ಲಿ ಮಸುಕು ಪಟ್ಟೆಗಳು ಮಾತ್ರ ಓಡಾಡಿದವು. ಹರಳಿನೊಳಗೆ ಬಿಗಿತ ಇದ್ದರೆ ಗಾರ್ನೆಟ್ ಹಾಗೆ ಮಾಡುವುದು ಮಾಮೂಲು. ಮಾಣಿಕ್ಯವೂ ಒಂದು ದಿಕ್ಕಿನಿಂದ ನೋಡಿದರೆ ಕಪ್ಪಾಗೇ ಕಾಣುತ್ತದೆ, ಅದಕ್ಕೆ ಕಲ್ಲನ್ನು ಬೇರೆ ಬೇರೆ ಕಡೆ ವಾಲಿಸಿ ನೋಡಬೇಕು.

ಅಲ್ಟ್ರಾವಯಲೆಟ್ ಟಾರ್ಚನ್ನೂ ಬಿಟ್ಟು ನೋಡಿದೆ, 365 ನ್ಯಾನೊಮೀಟರಿನದು. 395ರದ್ದು ನೇರಳೆ ಬೆಳಕನ್ನೇ ಜಾಸ್ತಿ ಚೆಲ್ಲುವುದರಿಂದ ಕಣ್ಣಿಗೆ ಗೊಂದಲ. ಒಳ್ಳೆಯ ಮಾಣಿಕ್ಯ ಕತ್ತಲಲ್ಲಿ ಕೆಂಪಗೆ ಹೊಳೆಯುತ್ತದೆ, ಕೆಂಪು ಸ್ಪಿನೆಲ್ ಕೂಡ. ನನ್ನದು ಮಿಣುಕ್ ಅನ್ನಲಿಲ್ಲ. ಕಬ್ಬಿಣ ಜಾಸ್ತಿ ಇರುವ ಮಾಣಿಕ್ಯವೂ ಸುಮ್ಮನೆ ಕೂರುತ್ತದೆ ಅನ್ನುವುದು ನೆನಪಿರಲಿ.

ಗೀಚುವ ವಿಷಯಕ್ಕೆ ಬರೋಣ. ಫ್ರೆಡ್ರಿಕ್ ಮೋಸ್ 1812ರಲ್ಲಿ ಖನಿಜಗಳ ಗಡಸುತನಕ್ಕೆ ಮಾಡಿದ ಹತ್ತು ಮೆಟ್ಟಿಲಿನ ಪಟ್ಟಿ ಎಲ್ಲರಿಗೂ ಗೊತ್ತು, ಆದರೆ ಆ ಮೆಟ್ಟಿಲುಗಳು ಸಮ ಎತ್ತರದವಲ್ಲ. 9 ಮತ್ತು 10ರ ನಡುವಿನ ಅಂತರವೇ ಕೆಳಗಿನ ಎಷ್ಟೋ ಮೆಟ್ಟಿಲುಗಳನ್ನು ಸೇರಿಸಿದಷ್ಟು ದೊಡ್ಡದು. ಗಾಜಿನ ಮೇಲೆ ಗೆರೆ ಬಿತ್ತು, ಅದಕ್ಕೇ ಇದು ಅಮೂಲ್ಯ ಹರಳು ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಬೀದಿಯ ಬೆಣಚುಕಲ್ಲೂ ಗಾಜನ್ನು ಗೀಚುತ್ತದೆ ಸ್ವಾಮಿ! ನಾನು ಇಲ್ಲಿ ಬಳಸಿದ್ದು ಬೆಣಚು (7) ಮತ್ತು ಟೋಪಾಜ್ (8), ಎರಡರದ್ದೂ ಕೆಲಸಕ್ಕೆ ಬಾರದ ಚೂರುಗಳು. ನನ್ನ ಕಲ್ಲಿನ ಒಡೆದ ಮೂಲೆಯಿಂದ ಅವುಗಳ ಮೇಲೆ ಗೀಚಿದೆ, ಕಲ್ಲಿನ ಮೈಗೆ ಏನೂ ತಾಗಿಸಲಿಲ್ಲ. ಬೆಣಚಿನ ಮೇಲೆ ಸ್ವಲ್ಪ ಒತ್ತಿದ ಮೇಲೆ ಗೆರೆ ಬಿತ್ತು. ಟೋಪಾಜ್ ಮೇಲೂ ಬಿಳಿ ಗೆರೆ ಕಂಡಿತು, ಆದರೆ ಒದ್ದೆ ಬೆರಳಲ್ಲಿ ಒರೆಸಿದರೆ ಅಳಿಸಿಹೋಯಿತು, ಲೂಪ್‌ನಲ್ಲಿ ನೋಡಿದರೆ ಟೋಪಾಜ್ ಮೈ ನುಣುಪಾಗೇ ಇದೆ. ಉದುರಿದ ಪುಡಿ ನನ್ನ ಕಲ್ಲಿನದೇ. ಮಾಣಿಕ್ಯ 9, ಅದಾಗಿದ್ದರೆ ಟೋಪಾಜ್ ಮೇಲೆ ಉಗುರಿಗೆ ತಡೆಯುವಂಥ ಗೆರೆ ಬೀಳಬೇಕಿತ್ತು. ಅಲ್ಲಿಗೆ ಮಾಣಿಕ್ಯದ ಮಾತು ಮುಗಿಯಿತು.

ಕೊನೆಗೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಕೈ ಸ್ಪೆಕ್ಟ್ರೋಸ್ಕೋಪನ್ನು ಗೆಳೆಯರೊಬ್ಬರಿಂದ ಕಡ ತಂದು, ಕಲ್ಲಿನ ತೆಳು ಅಂಚಿನ ಹಿಂದೆ ಜೋರು ಬೆಳಕಿಟ್ಟು ನೋಡಿದೆ. ಹಳದಿಯಲ್ಲಿ ಒಂದು ಅಗಲವಾದ ಕಪ್ಪು ಪಟ್ಟೆ, ಹಸಿರಿನಲ್ಲಿ ಎರಡು. ಕಬ್ಬಿಣ ಇರುವ ಅಲ್ಮಂಡೈನ್ ಗಾರ್ನೆಟ್‌ನ ಪಟ್ಟೆಗಳು 576, 527, 505 ನ್ಯಾನೊಮೀಟರಿನಲ್ಲಿ ಬರುತ್ತವೆ, ಜಾಗ ಸರಿಯಾಗಿ ಹೊಂದಿತು. ಸಾಂದ್ರತೆ 4.06 ಅಂದರೆ ಶುದ್ಧ ಅಲ್ಮಂಡೈನ್‌ಗೆ (4.3) ಸ್ವಲ್ಪ ಕಡಿಮೆ, ಹಾಗಾಗಿ ಮೆಗ್ನೀಸಿಯಂ ಇರುವ ಪೈರೋಪ್ ಕೂಡ ಬೆರೆತಿರಬೇಕು. ಗಾರ್ನೆಟ್‌ಗಳಲ್ಲಿ ಹೀಗೆ ಬೆರೆತದ್ದೇ ಜಾಸ್ತಿ. ಎಷ್ಟು ಪಾಲು ಯಾವುದು ಅಂತ ಹೇಳಲು ಪ್ರಯೋಗಾಲಯವೇ ಬೇಕು, ಈ ಕಲ್ಲಿಗೆ ಅಷ್ಟು ಖರ್ಚು ಮಾಡುವ ಮನಸ್ಸಿಲ್ಲ. ಡಬ್ಬಿಯ ಮೇಲೆ ‘ಗಾರ್ನೆಟ್, ಅಲ್ಮಂಡೈನ್-ಪೈರೋಪ್’ ಅಂತ ಬರೆದು, ಪಕ್ಕದಲ್ಲಿ ಸಿಕ್ಕ ಜಾಗ, ತಾರೀಖು, ಅಳೆದ ಅಂಕಿಗಳನ್ನು ಹಾಕಿಟ್ಟಿದ್ದೇನೆ.

ಹೊಸದಾಗಿ ಶುರು ಮಾಡುವವರು ಏನು ಕೊಳ್ಳಬೇಕು ಅಂತ ಕೇಳುತ್ತಾರೆ. ಮೊದಲು ಲೂಪ್, ಆಮೇಲೆ ತಕ್ಕಡಿ, ಆಮೇಲೆ ಅಯಸ್ಕಾಂತ. ಗಡಸುತನದ ಸೂಜಿಗಳ ಸೆಟ್ ಸದ್ಯಕ್ಕೆ ಬೇಡ. ಕಲ್ಲಿನೊಳಗೆ ಬೆಳಕು ಎಷ್ಟು ಬಾಗುತ್ತದೆ ಅಂತ ಅಳೆಯುವ ರಿಫ್ರ್ಯಾಕ್ಟೋಮೀಟರ್ ಬಹಳ ಒಳ್ಳೆಯ ಉಪಕರಣ, ಆದರೆ ಅದಕ್ಕೆ ಪಾಲಿಶ್ ಮಾಡಿದ ಸಪಾಟು ಮುಖ ಬೇಕು, ಹೊಳೆಯಿಂದ ತಂದ ಕಲ್ಲಿಗೆ ಅದು ಇರುವುದಿಲ್ಲ.