ಸಕಲೇಶಪುರದಲ್ಲಿ ಕೂತು ಹೊಸ ಸಂಗೀತ ಬರೆಯುವ ಬಗೆ

ನನ್ನ ಮೊದಲ ಕೃತಿ 2 ಪಿಟೀಲು, ಪಿಟೀಲಿನ ದೊಡ್ಡ ಬಂಧುಗಳಾದ 1 ವಯೋಲ, 1 ಚೆಲ್ಲೊಗೆ ಬರೆದದ್ದು. 9 ನಿಮಿಷ. ಬೆಂಗಳೂರಲ್ಲಿ ಅದನ್ನು ನುಡಿಸಿದ ದಿನ ರುದ್ರಪಟ್ಟಣದ ಕಡೆಯ ನಮ್ಮ ಸೋದರತ್ತೆಯೂ ಬಂದಿದ್ದರು. ಕಾವೇರಿ ದಂಡೆಯ ಆ ಊರಿನವರ ಕಿವಿಗೆ ಮೋಸ ಮಾಡುವುದು ಕಷ್ಟ. ಮುಗಿದ ಮೇಲೆ ಅತ್ತೆ ಕೇಳಿದ್ದು ಒಂದೇ ಮಾತು: "ಎಲ್ಲಾ ಸರಿ, ಪಲ್ಲವಿಗೆ ವಾಪಸ್ ಬರಲೇ ಇಲ್ವಲ್ಲೋ?"

ನನಗೆ ಸಿಟ್ಟು ಬಂತು. ಪಲ್ಲವಿ ಚರಣ ಬಿಟ್ಟು ಬರೆಯುವುದೇ ಹೊಸತನ ಅಂತ ವಾದಿಸಿದೆ. ಆರು ತಿಂಗಳು ಬಿಟ್ಟು ರೆಕಾರ್ಡಿಂಗ್ ಹಾಕಿಕೊಂಡೆ. ಐದನೇ ನಿಮಿಷಕ್ಕೆ, ಬರೆದ ನನಗೇ ದಾರಿ ತಪ್ಪಿತು. ಅಪಸ್ವರದ ದೋಷವಲ್ಲ ಅದು. ಸ್ವರ, ಲಯ, ವೇಗ, ದನಿಯ ಏರಿಳಿತ ಎಲ್ಲವೂ ಒಟ್ಟಿಗೆ ಬದಲಾಗುತ್ತಿದ್ದವು. ಕಿವಿಯನ್ನು ಕಟ್ಟಿಹಾಕಲು ಒಂದು ಗೂಟವೂ ಇರಲಿಲ್ಲ. ಒಂದೇ ಶ್ರುತಿ ಹಿಡಿದು ಮೊಳಗುವ ತಂಬೂರಿ ಪಕ್ಕ ಕೂತು ಕಲಿತವನಿಗೆ ಇದು ಹೊಳೆಯದೆ ಹೋಯಿತಲ್ಲ ಅಂತ ಈಗಲೂ ನಾಚಿಕೆ.

ಹಾಗಾಗಿ ಬರೆಯಲು ಕೂರುವವರು ಏನು ಕದಲಬಾರದು ಅನ್ನುವುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಅದು ಒಂದು ಸ್ವರವಾಗಬಹುದು, ಲಯದ ಒಂದು ತುಣುಕಾಗಬಹುದು, ಹೊತ್ತುಹೊತ್ತಿಗೆ ಮರಳುವ ಮೌನವೂ ಆಗಬಹುದು.

ವಾದ್ಯ ಮುಟ್ಟುವ ಮುಂಚೆ ಇದನ್ನು ಚಪ್ಪಾಳೆಯಲ್ಲಿ ಕಲಿಯಿರಿ. ಅಮೆರಿಕದ ಸ್ಟೀವ್ ರೈಶ್ 1972ರಲ್ಲಿ ಬರೆದ 'ಕ್ಲ್ಯಾಪಿಂಗ್ ಮ್ಯೂಸಿಕ್'ಗೆ ಇಬ್ಬರ ಕೈಗಳಷ್ಟೇ ಸಾಕು. 12 ಅಕ್ಷರದ ಆವರ್ತ:

ತ ತ ತ – ತ ತ – ತ – ತ ತ –

8 ಚಪ್ಪಾಳೆ, 4 ಖಾಲಿ. ಒಬ್ಬರು ಕೊನೆವರೆಗೂ ಇದನ್ನೇ ಹೊಡೆಯುತ್ತಾರೆ. ಇನ್ನೊಬ್ಬರು ಕೆಲವು ಆವರ್ತ ಜೊತೆಗಿದ್ದು, ಆಮೇಲೆ ಮೊದಲ ಅಕ್ಷರವನ್ನು ಕೊನೆಗೆ ಹಾಕಿ ಹೊಡೆಯುತ್ತಾರೆ. ಮತ್ತಷ್ಟು ಆವರ್ತ, ಮತ್ತೊಂದು ಅಕ್ಷರ. ಹೀಗೆ 12 ಸಲ ಸರಿದರೆ ಇಬ್ಬರೂ ಮತ್ತೆ ಒಂದಾಗುತ್ತಾರೆ. ನಾನೂ ನನ್ನ ಅಣ್ಣನ ಮಗನೂ ಇದನ್ನು ಮೊದಲು ಪ್ರಯತ್ನಿಸಿದ್ದು ತೋಟದ ಕಣದಲ್ಲಿ, ಕಾಫಿ ಹರವುವ ಮುಂಚೆ. ನಾಲ್ಕನೇ ಸಲ ಸರಿಯುವಾಗ ಅವನು ಜಾರಿ ನನ್ನ ಜೊತೆಗೇ ಬಂದು ಸೇರುತ್ತಿದ್ದ. ಎಡವುವುದು ಎಲ್ಲರೂ ಇಲ್ಲೇ. ಮೂರು ಚಪ್ಪಾಳೆ ಶುರುವಾದ ಕಡೆಯೇ ಸಮ, ಅಂದರೆ ಆವರ್ತದ ಮೊದಲ ಅಕ್ಷರ, ಅನ್ನಿಸಿಬಿಡುತ್ತದೆ. ಸಮ ಇದ್ದಲ್ಲೇ ಇದೆ, ಎಡುಪು, ಅಂದರೆ ಹಾಡು ಎತ್ತಿಕೊಳ್ಳುವ ಜಾಗ, ಮಾತ್ರ ಬದಲಾಯಿತು ಅಂದುಕೊಳ್ಳಿ. ತಾಳ ಹಾಕಿ ಬೆಳೆದ ನಮಗೆ ಇದು ಸುಲಭವಾಗಬೇಕಿತ್ತು; ಆದರೆ ಎರಡೂ ಕೈ ಚಪ್ಪಾಳೆಗೇ ಬೇಕಲ್ಲ. ತಾಳವನ್ನು ಕಾಲಿಗೆ ಕೊಡಿ.

ಇಷ್ಟು ಬಂದ ಮೇಲೆ ಬರೆಯಿರಿ. 3 ನಿಮಿಷ ಸಾಕು. ನಾನು ಹಳೇ ಕ್ಯಾಲೆಂಡರ್ ಹಾಳೆಗಳನ್ನು ಅಂಟಿಸಿ, ಹಿಂಬದಿಯಲ್ಲಿ 18 ಅಂಗುಲದ ಗೆರೆ ಎಳೆಯುತ್ತೇನೆ: ಅಂಗುಲಕ್ಕೆ 10 ಸೆಕೆಂಡು. ಕದಲದ್ದನ್ನು ಕೆಂಪು ಪೆನ್ನಲ್ಲಿ, ಕದಲುವುದನ್ನು ಪೆನ್ಸಿಲಲ್ಲಿ ಗುರುತು ಹಾಕುತ್ತೇನೆ. ಕೆಂಪು ಎಲ್ಲಿ ಕಡಿದಿದೆಯೋ ಅಲ್ಲಿ ನಿಂತು, ಬೇಕಂತಲೇ ಕಡಿದದ್ದಾ, ಮರೆತದ್ದಾ ಅಂತ ಕೇಳಿಕೊಳ್ಳಿ. ಸ್ವರ ಬರೆಯುವುದು ಇದಾದ ಮೇಲೆ, ಬೇರೆ ಹಾಳೆಯಲ್ಲಿ.

ನುಡಿಸುವವರು ಯಾರು ಅನ್ನುವುದು ದೊಡ್ಡ ಪ್ರಶ್ನೆ. ನಮ್ಮ ಕಡೆ ಸಿಗುವ ಪಿಟೀಲುಗಾರರು ಹೆಚ್ಚಾಗಿ ಕರ್ನಾಟಕ ಪದ್ಧತಿಯವರು. ಅವರ ತಂತಿಗಳು ಸ-ಪ-ಸ-ಪ. ಪಾಶ್ಚಾತ್ಯ ಶ್ರುತಿಯ ಜಿ-ಡಿ-ಎ-ಇ ಅಲ್ಲ. ಪಾಶ್ಚಾತ್ಯ ಲೆಕ್ಕದಲ್ಲಿ ಬೆರಳು ಗುರುತಿಸಿ ಕೊಟ್ಟರೆ ರಿಹರ್ಸಲ್ ಅಲ್ಲಿಗೇ ಮುಗಿಯಿತು. ಅವರ ಷಡ್ಜ (ಸ) ಯಾವುದು ಅಂತ ಮೊದಲೇ ಕೇಳಿ, ನಿಮ್ಮ ಕದಲದ ಸ್ವರವನ್ನು ಅವರ ಬಿಡಿತಂತಿಯ ಮೇಲೆ ಇಡಿ. ತಂತಿ ತಾನಾಗಿ ಮೊಳಗುತ್ತದೆ, ಬೆರಳೂ ಬಿಡುವಾಗಿರುತ್ತದೆ. ಸ್ವರವನ್ನು ತೂಗುವ ಗಮಕ ಬೇಡದ ಕಡೆ 'ನೇರ' ಅಂತ ಪ್ರತಿ ಸಾಲಿಗೂ ಬರೆಯಿರಿ. ಒಂದು ಸಾಲು ಬಿಟ್ಟರೂ ಕೈ ತನ್ನಷ್ಟಕ್ಕೆ ತೂಗುತ್ತದೆ. ಅದು ಅವರ ತಪ್ಪಲ್ಲ, ವರ್ಷಗಟ್ಟಲೆ ಸಾಧನೆ.

ಜುಲೈನಲ್ಲಿ ರಿಹರ್ಸಲ್ ಇಟ್ಟುಕೊಳ್ಳಬೇಡಿ. ಸಕಲೇಶಪುರದ ಮಳೆ ಶೀಟಿನ ಮಾಡಿನ ಮೇಲೆ ಬಿದ್ದರೆ ಪಕ್ಕದವರ ಮಾತೇ ಕೇಳದು. ಅಮೆರಿಕದ ಸಂಗೀತಕಾರ ಜಾನ್ ಕೇಜ್ ಬಿಡಿ, ಅವರಿಗೆ ಅದೇ ಬೇಕಿತ್ತು. 1952ರಲ್ಲಿ ಅವರ 4 ನಿಮಿಷ 33 ಸೆಕೆಂಡಿನ ಕೃತಿಗೆ ಪಿಯಾನೊ ಮುಂದೆ ಕೂತ ಡೇವಿಡ್ ಟ್ಯೂಡರ್ ಒಂದು ಸ್ವರವನ್ನೂ ನುಡಿಸಲಿಲ್ಲ. ಮೊದಲ ಭಾಗದಲ್ಲಿ ಹೊರಗಿನ ಗಾಳಿ, ಎರಡನೆಯದರಲ್ಲಿ ಮಾಡಿನ ಮೇಲೆ ಹನಿ ಮಳೆ, ಮೂರನೆಯದರಲ್ಲಿ ಜನರ ಗುಸುಗುಸು ಕೇಳಿಸಿತು ಅಂತ ಕೇಜ್ ಆಮೇಲೆ ನೆನಪಿಸಿಕೊಂಡರು. ನಮ್ಮ ಮಳೆಯಾಗಿದ್ದರೆ ಮೂರನೇ ಭಾಗದ ಗುಸುಗುಸು ಯಾರಿಗೂ ಕೇಳಿಸುತ್ತಿರಲಿಲ್ಲ.

ಇನ್ನು ಕೇಳುವುದು. ಬೇರೆಯವರ ಕೃತಿಯನ್ನು ಕನಿಷ್ಠ 3 ಸಲ ಕೇಳಿ. ಮೊದಲ ಸಲ ಅದರ ಕಥೆ ಓದಬೇಡಿ. ಇಲ್ಲಿ ಕದಲದ್ದು ಯಾವುದು ಅಂತ ಮಾತ್ರ ಹುಡುಕಿ. ಎಸ್ಟೋನಿಯಾದ ಆರ್ವೊ ಪ್ಯಾರ್ಟ್ 1976ರಲ್ಲಿ ಪಿಯಾನೊಗೆ ಬರೆದ 'ಫ್ಯೂರ್ ಅಲೀನಾ'ದಿಂದ ಶುರು ಮಾಡಿ. ಎಡಗೈ ಬಿ, ಡಿ, ಎಫ್ ಶಾರ್ಪ್ ಈ ಮೂರೇ ಸ್ವರಗಳಲ್ಲಿ ಓಡಾಡುತ್ತದೆ. ಒಂದೇ ಒಂದು ಕಡೆ ಮಾತ್ರ ಸಿ ಶಾರ್ಪ್ ಬರುತ್ತದೆ. ಹಾಳೆಯಲ್ಲಿ ಆ ಜಾಗಕ್ಕೆ ಪ್ಯಾರ್ಟ್ ಒಂದು ಹೂ ಬಿಡಿಸಿದ್ದಾರೆ. ಎರಡನೇ ಸಲ ಆ ಹೂ ಹುಡುಕಿ. ಮೂರನೇ ಸಲ ಸುಮ್ಮನೆ ಕೇಳಿ.

ಎಲ್ಲ ಕೃತಿಯೂ ಹೀಗೆ ಸಿಕ್ಕಿಬೀಳುವುದಿಲ್ಲ. ಫ್ರಾನ್ಸಿನ ಸಂಗೀತಕಾರ ಮೆಸ್ಸಿಯಾನ್ ಜರ್ಮನರ ಯುದ್ಧಕೈದಿಗಳ ಶಿಬಿರದಲ್ಲಿದ್ದಾಗ ಬರೆದು 1941ರ ಜನವರಿಯಲ್ಲಿ ಅಲ್ಲೇ ನುಡಿಸಿದ ನಾಲ್ವರ ಕೃತಿಯಿದೆ. ಅದರ ಮೊದಲ ಭಾಗದ ಪಿಯಾನೊದಲ್ಲಿ 29 ಸ್ವರಗುಚ್ಛಗಳ (ಒಟ್ಟಿಗೆ ನುಡಿಯುವ ಸ್ವರಗಳ) ಸರಣಿ 17 ಕಾಲಮಾನಗಳ ಸರಣಿಯ ಮೇಲೆ ಸುತ್ತುತ್ತದೆ. ಆ 17ರ ಮೂಲ ಸಂಗೀತ ಶಾಸ್ತ್ರಕಾರ ಶಾರ್ಙ್ಗದೇವನ ದೇಶೀತಾಳಗಳು: ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ. ನಮ್ಮ ಹೊಯ್ಸಳರ ಜೊತೆ ಸದಾ ಜಗಳಕ್ಕೆ ಬೀಳುತ್ತಿದ್ದ ದೇವಗಿರಿಯ ಸೇವುಣರ ಆಸ್ಥಾನದವನು ಅವನು, 13ನೇ ಶತಮಾನ. ಚಕ್ರ ಎರಡೂ ಸ್ಥಿರ, ಆದರೂ ನನ್ನ ಕಿವಿ ಇನ್ನೂ ಎಣಿಸಿ ಮುಗಿಸಿಲ್ಲ.

ನಿಮ್ಮದೇ ಕೃತಿ ನುಡಿಸುವಾಗ ಮುಂದಿನ ಸಾಲಲ್ಲಿ ಕೂರಬೇಡಿ. ಅಲ್ಲಿ ಪ್ರತಿಯೊಂದು ತಪ್ಪೂ ಚುಚ್ಚುತ್ತದೆ, ಕೃತಿ ಮಾತ್ರ ಕೇಳುವುದಿಲ್ಲ. ಹೋದ ಸಲ ಹಾಸನದ ಒಂದು ಚೌಟ್ರಿಯಲ್ಲಿ ನನ್ನ ಹೊಸ ಮೂರು ನಿಮಿಷದ್ದನ್ನು ನುಡಿಸಿದಾಗ ನಾನು ಹಿಂದೆ, ಅಡುಗೆಮನೆ ಬಾಗಿಲ ಪಕ್ಕ ನಿಂತಿದ್ದೆ. ಅತ್ತೆ ಮುಗಿಯುತ್ತಲೇ ನನ್ನನ್ನು ಹುಡುಕಿಕೊಂಡು ಬಂದರು.

"ಆ ಮಂದ್ರ ಷಡ್ಜ ಇದ್ಯಲ್ಲ, ಕೊನೇಲಿ ಒಂದು ಚೂರು ಇಳಿದಿತ್ತು ಕಣೋ."

ಇಳಿದಿತ್ತು. ಥಂಡಿಗೆ ತಂತಿ ಬಿಗಿಯುವ ಬಿರಡೆ ಸಡಿಲಾಗಿತ್ತು.